ಸಿಮೆಂಟಿಗೆ ಬೇಡವಾದ ಕಲ್ಲು

ನಮ್ಮ ಕಡೆ ಅಡುಗೆಮನೆಗೆ ಹಾಸುವುದು ಶಹಾಬಾದಿ ಪರ್ಸಿ. ಆ ಕಲ್ಲಿನ ಮೇಲೆ ನಿಂಬೆಹಣ್ಣಿನ ಎರಡು ಹನಿ ಬಿದ್ದು, ಒರೆಸುವುದು ಮರೆತುಹೋದರೆ, ಮರುದಿನ ಅಲ್ಲಿ ಬೆಳ್ಳನೆಯ ಕಲೆ ಎದ್ದಿರುತ್ತದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಹೋಗಲು ಅದು ಮೇಲೆ ಅಂಟಿದ್ದಲ್ಲ. ಹುಳಿ ತಾಕಿದಷ್ಟು ಜಾಗದಲ್ಲಿ ಕಲ್ಲೇ ಕರಗಿ, ಮೇಲಿನ ನುಣುಪು ಹೋಗಿದೆ. ನಿಂಬೆರಸ ಯಾವತ್ತೋ ಆರಿಹೋಗಿರುತ್ತದೆ, ಆದರೆ ಅದು ಬಿದ್ದ ಜಾಗವನ್ನು ಕಲ್ಲು ಮಾತ್ರ ಬಿಟ್ಟುಕೊಡುವುದಿಲ್ಲ.

ನೆಲದಡಿ ಅಡಗಿದ ಅದಿರನ್ನು ಹುಡುಕುವ ವಿದ್ಯೆಯ ಬುಡ ಇಷ್ಟೇ. ಕೋಟ್ಯಂತರ ವರ್ಷಗಳ ಹಿಂದೆ ಬಿಸಿನೀರೋ, ಖನಿಜ ಹೊತ್ತ ತಣ್ಣೀರೋ ಬಂಡೆಯ ಬಿರುಕಿನೊಳಗೆ ಹರಿದುಹೋಗಿರುತ್ತದೆ. ಹೋಗುವಾಗ ಅಕ್ಕಪಕ್ಕದ ಕಲ್ಲಿನಿಂದ ಏನನ್ನೋ ಕದ್ದು, ಏನನ್ನೋ ಬಿಟ್ಟುಹೋಗಿರುತ್ತದೆ. ಆ ಕೊಡು-ಕೊಳ್ಳುವಿಕೆ ಕಣ್ಣಿಗೆ ಕಾಣದಿದ್ದರೂ ಪ್ರಯೋಗಾಲಯದ ಅಂಕಿಗಳಲ್ಲಿ ಕಾಣುತ್ತದೆ. ಕಲ್ಲಿನ ರಸಾಯನ ಓದುವ ಈ ಕೆಲಸಕ್ಕೆ ಶಿಲಾ ಭೂರಸಾಯನ ಎಂಬ ದೊಡ್ಡ ಹೆಸರಿದೆ.

ಸೇಡಂ, ಚಿತ್ತಾಪುರ, ಚಿಂಚೋಳಿಯ ಹೊಲಗಳಲ್ಲಿ ಯಾರಾದರೂ ಸುತ್ತಿಗೆ, ಚೀಲ ಹಿಡಿದು ತಿರುಗಾಡಿದರೆ ಹೊಲದವರು ಕೇಳುವ ಮೊದಲ ಪ್ರಶ್ನೆ ಒಂದೇ: "ಏನ್ರೀ ಸರ್, ನಮ್ಮ ಹೊಲದಾಗ ಬಂಗಾರ ಅದೇನ್ರಿ?" ಎರಡನೆಯದು ತುಸು ತಗ್ಗಿದ ದನಿಯಲ್ಲಿ ಬರುತ್ತದೆ: "ಇದ್ರ ಹೊಲ ಹೋಗ್ತದೇನ್ರಿ?" ಎರಡನೆಯ ಪ್ರಶ್ನೆಗೆ ಆಮೇಲೆ ಬರೋಣ.

ಮೊದಲನೆಯದಕ್ಕೆ ಉತ್ತರ ಹುಡುಕಬೇಕಾದರೆ ಬಂಗಾರವನ್ನು ಸ್ವಲ್ಪ ಹೊತ್ತು ಮರೆಯಬೇಕು. ಇಲ್ಲಿನ ಮಾಮೂಲಿ ಕಲ್ಲು ಹೇಗಿರುತ್ತದೆ ಎಂಬುದು ಗೊತ್ತಿಲ್ಲದವನಿಗೆ ಮಾಮೂಲಿಯಲ್ಲದ ಕಲ್ಲು ಸಿಕ್ಕರೂ ಗುರುತು ಹತ್ತುವುದಿಲ್ಲ. ಈ ವಿಷಯದಲ್ಲಿ ನಮ್ಮ ಈ ಊರುಗಳ ಅದೃಷ್ಟ ದೊಡ್ಡದು. ಮಾಮೂಲಿ ಸುಣ್ಣಕಲ್ಲನ್ನು ಇಲ್ಲಿ ಅಳೆದಷ್ಟು ಸಲ ರಾಜ್ಯದ ಬೇರೆ ಕಡೆ ಅಳೆದಿರುವುದು ಕಡಿಮೆ. ಅಳೆದವರು ಸಿಮೆಂಟಿನವರು.

ಶಹಾಬಾದಿನಿಂದ ಸೇಡಂವರೆಗೆ ಕಾಲಡಿಯಲ್ಲಿರುವುದು ಭೀಮಾ ಜಲಾನಯನದ ಪದರಶಿಲೆ. ಹಿಂದೊಮ್ಮೆ ಇಲ್ಲಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ಮರಳು, ಕೆಸರು, ಸುಣ್ಣ ಒಂದರ ಮೇಲೊಂದು ಕೂತು ಗಟ್ಟಿಯಾದದ್ದು. ಬುಡದಲ್ಲಿ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟು. ಅದರ ಮೇಲೆ ಮರಳುಗಲ್ಲು ಮತ್ತು ಜೇಡಿಗಲ್ಲಿನ ರಬನಪಳ್ಳಿ ಪದರ, ಅದರ ಮೇಲೆ ಶಹಾಬಾದ್ ಸುಣ್ಣಕಲ್ಲು. ಈ ಎರಡನ್ನೂ ಸೇರಿಸಿ ಭೂವಿಜ್ಞಾನಿಗಳು 'ಸೇಡಂ ಉಪಸಮೂಹ' ಎನ್ನುತ್ತಾರೆ. ಮೇಲಿನ ಪದರಗಳಿಗೆ ಜೇವರ್ಗಿ ಕಡೆಯ ಅಂದೋಲದ ಹೆಸರು. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟಿಸಿದ ದಕ್ಷಿಣ ಮರಾಠಾ ಸೀಮೆಯ ಭೂವಿವರಣೆಯಲ್ಲೇ ಭೀಮಾ ಪದರಗಳ ಮಾತಿದೆ. ಈ ಪದರಗಳಿಗೆ ಐವತ್ತು ಕೋಟಿ ವರ್ಷಕ್ಕಿಂತ ಹೆಚ್ಚು ವಯಸ್ಸು. ಎಷ್ಟು ಹೆಚ್ಚು ಎಂಬುದಕ್ಕೆ ತಜ್ಞರು ಇನ್ನೂ ಜಗಳವಾಡುತ್ತಿದ್ದಾರೆ, ಆಡಲಿ.

ಚೊಕ್ಕ ಸುಣ್ಣಕಲ್ಲಿನಲ್ಲಿ ನೂರಕ್ಕೆ 56 ಪಾಲು ಕ್ಯಾಲ್ಸಿಯಂ ಆಕ್ಸೈಡ್, ಉಳಿದ 44 ಪಾಲು ಇಂಗಾಲದ ಡೈಆಕ್ಸೈಡ್. ಅಂಥ ಕಲ್ಲು ಪುಸ್ತಕದಲ್ಲಿ ಮಾತ್ರ ಸಿಗುತ್ತದೆ. ನಿಜವಾದ ಶಹಾಬಾದಿ ಕಲ್ಲಿನಲ್ಲಿ ಸಮುದ್ರದ ಕೆಸರೂ ಸೇರಿಕೊಂಡಿದೆ: ಸಿಲಿಕಾ, ಅಲ್ಯೂಮಿನಾ, ಕಬ್ಬಿಣ, ಪೊಟ್ಯಾಷ್. ಪದರದ ನಡುವೆ ಎಳೆಯಷ್ಟು ತೆಳ್ಳಗೆ ಕೂತ ಆ ಜೇಡಿ ಇರುವುದಕ್ಕೇ ಪರ್ಸಿ ಹಪ್ಪಳದಂತೆ ಎದ್ದು ಬರುತ್ತದೆ. ಖಣಿಯವರು ಉಳಿ ಇಡುವುದೂ ಆ ಎಳೆಗೇ. ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಸ್ತೂಪ ಕಟ್ಟಿದವರೂ ಇದೇ ಕಲ್ಲಿನ ಹಲಗೆಗಳ ಮೇಲೆ ಅಶೋಕನನ್ನು ಕೆತ್ತಿ, ಹೆಸರು ಬರೆದಿಟ್ಟರು.

ಸಿಮೆಂಟಿನವರು ಈ ಕಲ್ಲಿನಲ್ಲಿ ನೋಡುವುದು ನಾಲ್ಕೈದು ಅಂಕಿ. ಕ್ಯಾಲ್ಸಿಯಂ ಆಕ್ಸೈಡ್ ನಲವತ್ತರ ಮೇಲಿರಬೇಕು, ಮೆಗ್ನೀಸಿಯಾ ತೀರಾ ಕಡಿಮೆ ಇರಬೇಕು, ಸಿಲಿಕಾ ಮಿತಿಯಲ್ಲಿರಬೇಕು, ಗಂಧಕ ಮತ್ತು ಕ್ಷಾರ ಗೂಡಿಗೆ ತೊಂದರೆ ಕೊಡುವಷ್ಟು ಇರಬಾರದು. ವಾಡಿಯಲ್ಲಿ ಎಸಿಸಿ ಕಾರ್ಖಾನೆ 1968ರಲ್ಲಿ ಶುರುವಾಯಿತು. ಆಮೇಲೆ ಮಳಖೇಡ, ಸೇಡಂ, ಚಿಂಚೋಳಿ ಕಡೆ ಒಂದೊಂದಾಗಿ ಚಿಮಣಿ ಎದ್ದವು. ಪ್ರತಿ ಗಣಿಗೂ ಮೊದಲು ಚೌಕುಳಿ ಹಾಕಿ ಬೋರು ಕೊರೆದು, ಮೀಟರಿಗೊಂದರಂತೆ ಕಲ್ಲು ಪುಡಿ ಮಾಡಿ ಅಳೆದದ್ದೇ ಅಳೆದದ್ದು. ಆ ಲೆಕ್ಕದಲ್ಲಿ ಪಾಸಾದ ಕಲ್ಲು ಗೂಡಿಗೆ ಹೋಯಿತು. ನಪಾಸಾದದ್ದು, ಅಂದರೆ ಸಿಲಿಕಾ ಜಾಸ್ತಿಯಾದದ್ದು, ಗಂಧಕ ಇದ್ದದ್ದು, ಮುರಿದು ಚೂರಾಗಿ ಮತ್ತೆ ಬೆಸೆದುಕೊಂಡದ್ದು, 'ಹಾಳು ಕಲ್ಲು' ಎಂದು ಬದಿಗೆ ಸರಿಯಿತು. ಅದಿರು ಹುಡುಕುವವನ ಕಣ್ಣಿರಬೇಕಾದದ್ದು ಆ ಬದಿಗೆ ಸರಿಸಿದ ಕಲ್ಲಿನ ಮೇಲೆ. ಈ ಲೇಖನದ ಮುಖ್ಯ ಮಾತೇ ಅದು. ಅದಕ್ಕೆ ಕಾರಣ ಹೇಳುವುದಷ್ಟೇ ಬಾಕಿ.

ಅದಿರು ಎಂದರೆ ಎಲ್ಲೂ ಇಲ್ಲದ ಧಾತು ಒಂದೇ ಕಡೆ ಇರುವುದಲ್ಲ. ಯುರೇನಿಯಂ, ಬಂಗಾರ, ತಾಮ್ರ ಎಲ್ಲವೂ ಎಲ್ಲ ಕಲ್ಲಿನಲ್ಲೂ ಚೂರುಚೂರು ಇವೆ. ಇದಕ್ಕೆ ನಮ್ಮ ಜಿಲ್ಲೆಯದೇ ಅಳತೆಗೋಲು ಇದೆ. ಒಂದು ಕ್ವಿಂಟಲ್ ತೊಗರಿ ಚೀಲದಲ್ಲಿ ಸುಮಾರು ಹತ್ತು ಲಕ್ಷ ಕಾಳು. ಅದರಲ್ಲಿ ಒಂದು ಕಾಳು ಎಂದರೆ ಒಂದು ಪಿಪಿಎಂ, ಹತ್ತು ಲಕ್ಷಕ್ಕೆ ಒಂದು ಪಾಲು. ಭೂಮಿಯ ತೊಗಟೆಯ ಸರಾಸರಿ ಕಲ್ಲಿನಲ್ಲಿ ಯುರೇನಿಯಂ ಒಂದು ಚೀಲಕ್ಕೆ ಎರಡು ಮೂರು ಕಾಳು. ಅದು ಸಾವಿರ ಕಾಳಿಗೆ, ಅಂದರೆ ಒಂದು ಹಿಡಿಗೆ ಏರಿದರೆ ಗಣಿಯವರು ತಲೆ ಎತ್ತಿ ನೋಡುತ್ತಾರೆ. ಬಂಗಾರವಾದರೆ ಇನ್ನೂ ವಿಚಿತ್ರ: ಮಾಮೂಲಿ ಕಲ್ಲಿನಲ್ಲಿ ನೂರಾರು ಚೀಲ ಸುರಿದು ಹುಡುಕಿದರೆ ಒಂದು ಕಾಳು, ಹಟ್ಟಿಯಂಥ ಗಣಿಯಲ್ಲಿ ಒಂದು ಚೀಲಕ್ಕೆ ಕೆಲವೇ ಕಾಳು. ಅಷ್ಟಕ್ಕೇ ಅಲ್ಲಿ ಕಿಲೋಮೀಟರುಗಟ್ಟಲೆ ಸುರಂಗ ತೋಡಿದ್ದಾರೆ.

ಸಾವಿರ ಕಾಳಿನ ಜಾಗ ಚಿಕ್ಕದು, ಕೆಲವೇ ಮೀಟರು ಅಗಲ ಇರಬಹುದು. ಅದರ ಮೇಲೇ ಬೋರು ಬೀಳಬೇಕೆಂದರೆ ಲಾಟರಿ ಹೊಡೆಯಬೇಕು. ಆದರೆ ಆ ಸಾವಿರದ ಸುತ್ತ ನೂರರದೊಂದು ಬಳೆ, ಅದರಾಚೆ ಇಪ್ಪತ್ತರದೊಂದು ಬಳೆ ಇರುತ್ತದೆ. ದನ ಕಾಣದಿದ್ದರೂ ಹೆಜ್ಜೆ ಸಿಕ್ಕಿದರೆ ದನ ಸಿಕ್ಕೀತು. ಈ ಹೊರಬಳೆ ಹೆಜ್ಜೆಯಿದ್ದಂತೆ. ಕೆಲವು ಧಾತುಗಳು ಅದಿರಿಗಿಂತ ದೂರ ಹರಡುತ್ತವೆ. ಬಂಗಾರಕ್ಕೆ ಹಾಗೆ ಪಾಷಾಣ, ಅಂದರೆ ಆರ್ಸೆನಿಕ್, ಜೊತೆಗಾರ. ಹಟ್ಟಿ ಕಡೆಯ ಶಿಲೆಗಳಲ್ಲಿ ಬಂಗಾರ ಕಣ್ಣಿಗೆ ಬೀಳದಿದ್ದರೂ ಪಾಷಾಣ ಹೊತ್ತ ಖನಿಜ ಕಂಡರೆ ಕಸುಬಿನವರು ಅಲ್ಲೇ ನಿಲ್ಲುತ್ತಾರೆ.

ಹಾಗಾದರೆ ಹೊಲಹೊಲ ತಿರುಗಿ ಮಣ್ಣು ತಂದು ಅಳೆದರೆ ಮುಗಿಯಿತಲ್ಲ, ಕಲ್ಲೇ ಏಕೆ ಬೇಕು? ಬೇರೆ ಸೀಮೆಯಲ್ಲಿ ಮಣ್ಣು ಸಾಕಾಗುತ್ತದೆ. ನಮ್ಮಲ್ಲಿ ಮಣ್ಣನ್ನು ನಂಬಿದರೆ ಕೆಟ್ಟೆವು.

ಚಿಂಚೋಳಿಯ ಕಡೆ ಹೋದಂತೆ ಸುಣ್ಣಕಲ್ಲು ಮೆಲ್ಲಗೆ ಮರೆಯಾಗಿ ಮೇಲೆ ಕರಿಗಲ್ಲು ಬರುತ್ತದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಹೆಪ್ಪುಗಟ್ಟಿದ ದಖ್ಖನ್ ಟ್ರ್ಯಾಪ್ ಅದು. ಅದರ ನೆತ್ತಿಯ ಮೇಲೆ ಅಲ್ಲಲ್ಲಿ ಕೆಂಪು ಜಂಬಿಟ್ಟಿಗೆ. ಆ ಕರಿಗಲ್ಲು ಕೊಳೆತು ಆದದ್ದೇ ನಮ್ಮ ಎರಿ ಮಣ್ಣು. ಮುಲ್ಲಾಮಾರಿ, ಬೆಣ್ಣೆತೊರೆಗಳು ಆ ಮಣ್ಣನ್ನು ಹೊತ್ತು ಕಾಗಿಣಾಕ್ಕೆ ಸುರಿಯುತ್ತವೆ. ಕಾಗಿಣಾ ಅದನ್ನು ಮಳಖೇಡ, ಶಹಾಬಾದಿನ ಸುಣ್ಣಕಲ್ಲಿನ ಸೀಮೆ ದಾಟಿಸಿ ಭೀಮೆಗೆ ಒಪ್ಪಿಸುತ್ತದೆ. ಹೀಗಾಗಿ ಸುಣ್ಣಕಲ್ಲಿನ ಮೇಲೆ ಕೂತ ಎರಿ ಎಷ್ಟೋ ಕಡೆ ಆ ಸುಣ್ಣಕಲ್ಲಿನ ಮಗಳಲ್ಲ, ಬೇರೆ ಮನೆಯಿಂದ ಬಂದ ಸೊಸೆ. ತವರಿನ ಗುಣವನ್ನೇ ಹೇಳುತ್ತಾಳೆ.

ಕರಿಗಲ್ಲಿನ ಸಹಜ ಗುಣದಲ್ಲೇ ತಾಮ್ರ ನೂರು ಪಿಪಿಎಂ ದಾಟುವುದುಂಟು. ಸುಣ್ಣಕಲ್ಲಿನಲ್ಲಿ ಅದು ಹತ್ತರ ಆಸುಪಾಸು. ಈಗ ಯಾರೋ ಒಬ್ಬರು ಕಾಗಿಣಾ ದಂಡೆಯ ಹಳ್ಳದ ಮರಳು ತಂದು ಅಳೆದರು ಎನ್ನಿ. ತಾಮ್ರ ನೂರಿಪ್ಪತ್ತು ಬಂತು. ಸುಣ್ಣಕಲ್ಲಿನ ನಾಡಿನಲ್ಲಿ ಹನ್ನೆರಡು ಪಟ್ಟು ತಾಮ್ರ! ಉತ್ಸಾಹ ಇದ್ದವರು ಅಷ್ಟಕ್ಕೇ ಪತ್ರಿಕೆಗೆ ಸುದ್ದಿ ಕೊಟ್ಟಾರು. ಕಸುಬು ಬಲ್ಲವರು ಪಕ್ಕದ ಕಾಲಂ ನೋಡುತ್ತಾರೆ: ಟೈಟಾನಿಯಂ ಎಷ್ಟು? ದಖ್ಖನ್ ಕರಿಗಲ್ಲಿನಲ್ಲಿ ಟೈಟಾನಿಯಂ ಹೇರಳ, ಅದು ನೀರಿಗೆ ಕರಗಿ ಹೋಗುವ ಜಾತಿಯೂ ಅಲ್ಲ. ತಾಮ್ರ ಏರಿದಲ್ಲೆಲ್ಲ ಟೈಟಾನಿಯಂ ಕೂಡ ಏರಿದ್ದರೆ ಅದು ಅದಿರಲ್ಲ, ಚಿಂಚೋಳಿ ಕಡೆಯ ಮಣ್ಣು. ಟೈಟಾನಿಯಂ ಸುಮ್ಮನಿದ್ದು ತಾಮ್ರ ಮಾತ್ರ ಏರಿದ್ದರೆ ಮಾತ್ರ ಮತ್ತೊಮ್ಮೆ ಆ ಹಳ್ಳಕ್ಕೆ ಹೋಗುವುದರಲ್ಲಿ ಅರ್ಥವಿದೆ. 'ಟ್ರ್ಯಾಪ್' ಎಂಬ ಹೆಸರು ಬಂದದ್ದು ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಪದದಿಂದ. ಅದಿರು ಹುಡುಕುವವನಿಗೆ ಅದು ಇಂಗ್ಲಿಷಿನ ಅರ್ಥದಲ್ಲೂ ಬೋನೇ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ದೇಶಕ್ಕೆಲ್ಲ ಭೂರಸಾಯನ ನಕ್ಷೆ ಮಾಡುವಾಗ ಎರಡು ಕಿಲೋಮೀಟರ್ ಚೌಕಕ್ಕೊಂದರಂತೆ ಹಳ್ಳದ ಮರಳು, ಮಣ್ಣು ಎತ್ತಿ ಹತ್ತಾರು ಧಾತು ಅಳೆಯುತ್ತದೆ. ಅದು ಬೇಕೇಬೇಕು, ಇಡೀ ಸೀಮೆಯ ಮಾಮೂಲಿ ಏನೆಂದು ತಿಳಿಯುವುದು ಅದರಿಂದಲೇ. ಆದರೆ ಎರಿ ಹೊದ್ದ ಜಾಗದಲ್ಲಿ ಮುಂದಿನ ಹೆಜ್ಜೆಗೆ ಗಟ್ಟಿ ಕಲ್ಲನ್ನೇ ಕೇಳಬೇಕು. ಖಣಿಯ ಗೋಡೆ, ತೆರೆದ ಬಾವಿಯ ಒಳಮೈ, ಹಳ್ಳ ಕೊರೆದ ದಡ, ಬೋರು ಕೊರೆದ ಕಲ್ಲಿನ ಕಂಬ: ಕಲ್ಲು ಮುಖ ತೋರಿಸುವ ಜಾಗಗಳು ಇವು.

ಕಲ್ಲು ಆರಿಸುವಾಗ ಮಾಡುವ ತಪ್ಪನ್ನು ಆಮೇಲೆ ಯಾವ ಯಂತ್ರವೂ ತಿದ್ದಲಾರದು. ಮೊದಲ ತಪ್ಪು, ಚೆಂದ ಕಂಡದ್ದನ್ನು ಎತ್ತುವುದು. ಹೊಳೆಯುವ ಗಂಧಕದ ಹರಳಿರುವ ಒಂದು ಚೂರು ತಂದು ಅಳೆದರೆ ಆ ಚೂರಿನ ಸಂಗತಿ ತಿಳಿಯುತ್ತದೆಯೇ ಹೊರತು ಬಂಡೆಯದಲ್ಲ. ಒಂದು ಮೀಟರು ಉದ್ದಕ್ಕೆ ಅಡ್ಡಲಾಗಿ ಒಂದೇ ಸಮನೆ ಚೂರು ಒಡೆದು, ಎರಡು ಕಿಲೋದಷ್ಟು ಬಟ್ಟೆ ಚೀಲಕ್ಕೆ ತುಂಬಬೇಕು. ಮಳೆ-ಬಿಸಿಲು ತಿಂದ ಮೇಲ್ಚರ್ಮವನ್ನು ಸುತ್ತಿಗೆಯಿಂದ ತೆಗೆದು ಒಳಗಿನ ತಾಜಾ ಕಲ್ಲು ಬರಬೇಕು. ಬಿರುಕು ಪೂರ್ವ-ಪಶ್ಚಿಮ ಹೋಗಿದ್ದರೆ ಮಾದರಿ ಎತ್ತುವ ಸಾಲು ಉತ್ತರ-ದಕ್ಷಿಣ ಹೋಗಬೇಕು. ಬಿರುಕಿನ ಗುಂಟ ನಡೆದರೆ ಎಲ್ಲ ಮಾದರಿಯೂ ಕೆಟ್ಟದ್ದೇ ಆಗಿ, ಮಾಮೂಲಿ ಯಾವುದೆಂದೇ ಗೊತ್ತಾಗುವುದಿಲ್ಲ.

ನಮ್ಮ ಊರುಗಳಿಗೇ ವಿಶೇಷವಾದ ಎರಡು ಎಚ್ಚರಿಕೆಗಳಿವೆ. ವಾಡಿ ಜಂಕ್ಷನ್ನಿನ ಸುತ್ತ ಹಳಿಯ ಪಕ್ಕ ಕಲ್ಲು ಆರಿಸಬಾರದು. ಹಳಿಗೆ ಹಾಕುವ ಜಲ್ಲಿ ಕರಿಗಲ್ಲಿನದು, ಹಳೆಯ ಉಗಿಬಂಡಿಗಳು ಸುರಿದ ಕಲ್ಲಿದ್ದಲ ಬೂದಿ ಬೇರೆ ಅಲ್ಲಲ್ಲಿ ಬಿದ್ದಿರುತ್ತದೆ. ಕಾರ್ಖಾನೆಯ ಗಾಳಿ ಬೀಸುವ ದಿಕ್ಕಿನಲ್ಲಿ ಮೇಲ್ಮಣ್ಣು ತೆಗೆದರೆ ಅಳೆದದ್ದು ಕಾರ್ಖಾನೆಯ ದೂಳನ್ನು. ಊರಲ್ಲಿ ಒಗೆದ ಬಟ್ಟೆ ಒಣಹಾಕುವವರಿಗೆ ಈ ಎರಡನೆಯದನ್ನು ಹೇಳಿಕೊಡಬೇಕಿಲ್ಲ.

ಚೀಲ ಪ್ರಯೋಗಾಲಯಕ್ಕೆ ಹೋದ ಮೇಲೆ ದವಡೆಯಂಥ ಯಂತ್ರ ಕಲ್ಲನ್ನು ಕಡಲೆಯಷ್ಟು ಚೂರು ಮಾಡುತ್ತದೆ. ಆ ರಾಶಿಯನ್ನು ಗುಡ್ಡೆ ಹಾಕಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಇಟ್ಟುಕೊಂಡು, ಮತ್ತೆ ಗುಡ್ಡೆ ಹಾಕಿ ಮತ್ತೆ ಪಾಲು ಮಾಡುತ್ತಾರೆ. ಕೊನೆಗೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗಿನ ಪುಡಿ ನೂರಿನ್ನೂರು ಗ್ರಾಂ ಉಳಿಯುತ್ತದೆ. ಸುಣ್ಣ, ಸಿಲಿಕಾದಂಥ ಜಾಸ್ತಿ ಇರುವ ಧಾತುಗಳಿಗೆ ಎಕ್ಸ್-ರೇ ಯಂತ್ರ ಸಾಕು. ಒಂದೆರಡು ಕಾಳಿನ ಲೆಕ್ಕದವುಗಳಿಗೆ ಪುಡಿಯನ್ನು ಆಮ್ಲದಲ್ಲಿ ಕರಗಿಸಿ ಐಸಿಪಿ-ಎಂಎಸ್ ಎಂಬ ಯಂತ್ರಕ್ಕೆ ಕೊಡಬೇಕು. ಮಾದರಿಗಳ ನಡುವೆ, ಉತ್ತರ ಮೊದಲೇ ಗೊತ್ತಿರುವ ಪುಡಿಯೊಂದನ್ನು ಹೆಸರು ಹೇಳದೆ ಸೇರಿಸಿಡುವುದು ವಾಡಿಕೆ. ಪ್ರಯೋಗಾಲಯವನ್ನೂ ಪರೀಕ್ಷಿಸದೆ ಬಿಡುವವರಲ್ಲ.

ಇಲ್ಲಿಂದ ಮುಂದೆ ಬೇಕಾಗುವುದು ಲೆಕ್ಕಕ್ಕಿಂತ ವಿವೇಕ. ಮಾಮೂಲಿ ಯಾವುದು, ಅದು ಎಲ್ಲಿಗೆ ಮುಗಿಯಿತು ಎಂದು ಗೆರೆ ಎಳೆಯಬೇಕು. ಸರಾಸರಿ ತೆಗೆದರೆ ಮೋಸ. ಊರಿನ ನೂರು ಮನೆಗೆ ಎರಡೆರಡು ಎಕರೆ ಇದ್ದು ಗೌಡರ ಒಂದು ಮನೆಗೆ ಇನ್ನೂರು ಎಕರೆ ಇದ್ದರೆ ಸರಾಸರಿ ಹಿಡುವಳಿ ನಾಲ್ಕು ಎಕರೆ ಹತ್ತಿರ ಬರುತ್ತದೆ; ನಾಲ್ಕು ಎಕರೆ ಇರುವ ಒಬ್ಬ ರೈತನೂ ಊರಲ್ಲಿಲ್ಲ. ಅದಕ್ಕೇ ಅಂಕಿಗಳನ್ನು ಏರಿಕೆಯ ಸಾಲಿನಲ್ಲಿ ನಿಲ್ಲಿಸಿ ನಡುವಿನದನ್ನು ಹಿಡಿಯುತ್ತಾರೆ. ಮತ್ತೆ, ಪ್ರತಿ ಕಲ್ಲಿನ ಜಾತಿಗೂ ಬೇರೆ ಗೆರೆ. ಗ್ರಾನೈಟಿಗೆ ಮಾಮೂಲಿಯಾದ ಯುರೇನಿಯಂ ಸುಣ್ಣಕಲ್ಲಿನಲ್ಲಿ ಬಂದರೆ ಹುಬ್ಬೇರಿಸಬೇಕಾದೀತು.

ಇನ್ನೂ ಒಂದು ಮೋಸವಿದೆ, ಅದು ಸೂಕ್ಷ್ಮ. ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿದರೆ ಸಿಹಿ ಏರುತ್ತದೆ. ಯಾರೂ ಸಕ್ಕರೆ ಹಾಕಿಲ್ಲ, ನೀರು ಹೋಗಿದೆ ಅಷ್ಟೆ. ಸುಣ್ಣಕಲ್ಲೂ ಹಾಗೆಯೇ: ನೀರು ಸುಣ್ಣವನ್ನು ಕರಗಿಸಿ ಒಯ್ದರೆ ಉಳಿದ ಜೇಡಿ, ಜೇಡಿಯಲ್ಲಿದ್ದ ಯುರೇನಿಯಂ ಎಲ್ಲವೂ ಶೇಕಡಾವಾರಿನಲ್ಲಿ ಏರಿದಂತೆ ತೋರುತ್ತವೆ. ಹೊರಗಿನಿಂದ ಒಂದು ಕಾಳೂ ಬಂದಿರುವುದಿಲ್ಲ. ಇದನ್ನು ಹಿಡಿಯಲು, ಸುಲಭಕ್ಕೆ ಜಾಗ ಬಿಡದ ಅಲ್ಯೂಮಿನಿಯಂ, ಟೈಟಾನಿಯಂ, ಜಿರ್ಕೋನಿಯಮ್ಮಿನಂಥ ಧಾತುಗಳನ್ನು ಗೂಟ ಮಾಡಿಕೊಂಡು ಉಳಿದವನ್ನು ಅದಕ್ಕೆ ಕಟ್ಟಿ ಅಳೆಯುತ್ತಾರೆ. ಉದಾಹರಣೆಗೆಂದೇ ಮೂರು ಅಂಕಿ ಇಟ್ಟುಕೊಳ್ಳೋಣ. ಮೊದಲ ಕಲ್ಲಿನಲ್ಲಿ ಅಲ್ಯೂಮಿನಾ ಶೇಕಡಾ 2, ಯುರೇನಿಯಂ 2 ಪಿಪಿಎಂ. ಎರಡನೆಯದರಲ್ಲಿ ಅಲ್ಯೂಮಿನಾ 6, ಯುರೇನಿಯಂ 6. ಮೂರು ಪಟ್ಟು ಏರಿದೆ ಎಂದು ಕುಣಿಯಬಾರದು. ಎರಡೂ ಏರಿವೆ, ಕಲ್ಲು ಕುಗ್ಗಿದೆ ಇಲ್ಲವೇ ಮೊದಲಿಂದಲೂ ಕೆಸರು ಹೆಚ್ಚಿದೆ. ಮೂರನೆಯದರಲ್ಲಿ ಅಲ್ಯೂಮಿನಾ ಅದೇ 2, ಯುರೇನಿಯಂ 20. ಈ ಕಲ್ಲಿಗೆ ಹೊರಗಿನಿಂದ ಯಾರೋ ಬಂದು ಹೋಗಿದ್ದಾರೆ. ಇದೇ ಲೆಕ್ಕವನ್ನು 1967ರಲ್ಲಿ ಗ್ರೆಸೆನ್ಸ್, 1986ರಲ್ಲಿ ಗ್ರಾಂಟ್ ಎಂಬ ವಿಜ್ಞಾನಿಗಳು ಸೂತ್ರಕ್ಕಿಳಿಸಿದರು. ಇವತ್ತಿಗೂ ವಿದ್ಯಾರ್ಥಿಗಳು ಅದನ್ನೇ ಬಳಸುತ್ತಾರೆ.

ಇದು ಬರೀ ಪಾಠವಲ್ಲ ಎನ್ನಲು ದೂರ ಹೋಗಬೇಕಿಲ್ಲ. ಶಹಾಬಾದಿನಿಂದ ಭೀಮೆ ದಾಟಿ ದಕ್ಷಿಣಕ್ಕೆ ಹೋದರೆ ಯಾದಗಿರಿ ಜಿಲ್ಲೆಯ ಶಹಾಪುರ ತಾಲೂಕಿನ ಗೋಗಿ. ಇತಿಹಾಸ ಓದಿದವರಿಗೆ ಅದು ವಿಜಾಪುರದ ಮೊದಲ ಆದಿಲಶಾಹಿಗಳು ಮಣ್ಣಾದ ಊರು. 1990ರ ದಶಕದಲ್ಲಿ ಅಣು ಖನಿಜ ನಿರ್ದೇಶನಾಲಯದವರು ಅಲ್ಲಿ ಬೋರು ಕೊರೆದಾಗ ಅದೇ ಭೂಮಿಯಡಿ ಯುರೇನಿಯಂ ಅದಿರು ಸಿಕ್ಕಿತು. ಸಿಕ್ಕ ಕಲ್ಲು ಯಾವುದು? ನಮ್ಮದೇ ಶಹಾಬಾದ್ ಸುಣ್ಣಕಲ್ಲು, ಮತ್ತೆ ಅದರ ಬುಡದ ಗ್ರಾನೈಟು. ಜಾಗ ಯಾವುದು? ಪೂರ್ವ-ಪಶ್ಚಿಮ ಹೋಗುವ ಗೋಗಿ-ಕುರ್ಲಗೇರಿ ಸ್ತರಭಂಗ, ಅಂದರೆ ನೆಲದ ಎರಡು ತುಂಡು ಒಂದಕ್ಕೊಂದು ಜಾರಿದ ಬಿರುಕು.

ಅಲ್ಲಿ ನಡೆದದ್ದನ್ನು ಹೀಗೆ ಊಹಿಸಿಕೊಳ್ಳಬಹುದು. ಬುಡದ ಗ್ರಾನೈಟಿನಲ್ಲಿ ಸಹಜವಾಗಿಯೇ ಯುರೇನಿಯಂ ಒಂದಷ್ಟು ಕಾಳು ಹೆಚ್ಚು. ಆಮ್ಲಜನಕ ಬೆರೆತ, ಸುಣ್ಣದ ಕಾರ್ಬೊನೇಟ್ ಕೂಡಿದ ನೀರಿಗೆ ಯುರೇನಿಯಂ ಸುಲಭವಾಗಿ ಕರಗುತ್ತದೆ. ಕರಗಿದ ಮೇಲೆ ನೀರು ಎಲ್ಲಿಗೆ ಕರೆದರೆ ಅಲ್ಲಿಗೆ. ನೀರಿಗೆ ದಾರಿ ಬಿರುಕಿನ ಮೂಲಕ. ಬಿರುಕಿನಲ್ಲಿ ಸುಣ್ಣಕಲ್ಲು ಮುರಿದು ಚೂರುಚೂರಾಗಿತ್ತು. ಆ ಚೂರುಗಳ ನಡುವೆ ಹಳೆಯ ಜೈವಿಕ ಇಂಗಾಲ, ಗಂಧಕ ಸೇರಿದ ಕಬ್ಬಿಣ ಇದ್ದವು. ಇವೆರಡೂ ಆಮ್ಲಜನಕ ಕಸಿಯುವ ಜಾತಿ. ಹಾಲಿಗೆ ನಿಂಬೆ ಬಿದ್ದಂತಾಯಿತು. ಕರಗಿದ್ದ ಯುರೇನಿಯಂ ಒಡೆದು ಪಿಚ್‌ಬ್ಲೆಂಡ್, ಕಾಫಿನೈಟ್ ಎಂಬ ಕರಿ ಖನಿಜವಾಗಿ ಅಲ್ಲೇ ಕೂತಿತು. ಮಾಲಿಬ್ಡಿನಂ, ವನೇಡಿಯಂ ಕೂಡ ಇದೇ ಸ್ವಭಾವದವು, ಇಂಥದೇ ಜಾಗದಲ್ಲಿ ಕೂರುತ್ತವೆ. ಹೀಗಾಗಿ ಅವು ಏರಿದ್ದರೆ ಅದೂ ಒಂದು ಹೆಜ್ಜೆಗುರುತು.

ಇಂಥ ಅದಿರಿನ ಕೋರ್, ಅಂದರೆ ಬೋರಿನಿಂದ ಬಂದ ಕಲ್ಲಿನ ಕಂಬ, ನೋಡಲು ಏನೇನೂ ಅಲ್ಲ. ತಗಡಿನ ತಟ್ಟೆಯ ಕಾಲುವೆಗಳಲ್ಲಿ ಕಬ್ಬಿನ ಗಣ್ಣಿನಂತೆ ಸಾಲಾಗಿ ಮಲಗಿರುತ್ತದೆ. ಮೊದಲ ಕಾಲುವೆಗಳಲ್ಲಿ ಬೂದುಬಣ್ಣದ, ನೇರ ಪದರದ ಪರ್ಸಿ. ನಮ್ಮ ಮನೆಯ ನೆಲವೇ ಉರುಳಿ ಕೂತಂತೆ. ಮುಂದೆ ಪದರ ಓರೆಯಾಗುತ್ತದೆ, ತುಂಡು ಗಿಡ್ಡವಾಗುತ್ತದೆ. ಆಮೇಲೆ ಮೂಲೆ ಮೊನಚಾದ ಚೂರುಗಳು, ನಡುವೆ ಬಿಳಿ ಸುಣ್ಣದ ಬೆಸುಗೆ, ಅಲ್ಲಲ್ಲಿ ಕಾಡಿಗೆ ಮೆತ್ತಿದಂಥ ಕಪ್ಪು, ಹಿತ್ತಾಳೆ ಬಣ್ಣದ ಸಣ್ಣ ಹೊಳಪು. ಸಿಮೆಂಟಿನವರ ಕೈಗೆ ಕೊಟ್ಟರೆ ಗಂಧಕ ಕಂಡ ಕೂಡಲೇ ಬದಿಗಿಡುವ ಕಲ್ಲು. ವಿಕಿರಣದ ಮಾಪಕ ಹತ್ತಿರ ತಂದರೆ ಕಿರ್ರೆನ್ನುವುದೂ ಅದೇ.

ಹಾಗಿದ್ದರೆ ಮಾಪಕ ಹಿಡಿದು ಊರೆಲ್ಲ ಸುತ್ತಿದರೆ ಸಾಲದೇ ಎಂದು ಕೇಳಬಹುದು. ಅರ್ಧ ಮೀಟರಿನಷ್ಟು ಮಣ್ಣು ಸಾಕು, ಆ ಗಾಮಾ ಕಿರಣ ಬಹುಪಾಲು ಅಲ್ಲೇ ನಿಂತುಬಿಡುತ್ತದೆ. ನಮ್ಮ ಎರಿ ಎಷ್ಟೋ ಕಡೆ ಅದಕ್ಕಿಂತ ಆಳ. ಬಾವಿ-ಬೋರಿನ ನೀರು ಅಳೆಯುವುದೂ ಒಂದು ದಾರಿ. ಅದೂ ತಾನೊಂದೇ ಸಾಕ್ಷಿಯಾಗದು. ಬೈಕಾರ್ಬೊನೇಟ್ ಹೆಚ್ಚಿದ್ದರೆ ಮಾಮೂಲಿ ಗ್ರಾನೈಟಿನಿಂದಲೂ ನೀರು ಯುರೇನಿಯಂ ಎಳೆದುಕೊಂಡು ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 30 ಮೈಕ್ರೋಗ್ರಾಂ ಮಿತಿ. ಅದು ದಾಟಿದರೆ ಕೆಳಗೆ ಗಣಿ ಇದೆ ಎಂದಲ್ಲ, ಆ ನೀರು ಕುಡಿಯಬೇಡಿ ಎಂದು ಅರ್ಥ. ಯುರೇನಿಯಂ ಬಿಡುವ ರೇಡಾನ್ ಅನಿಲವನ್ನು ಮಣ್ಣಿನ ತೂತಿನಲ್ಲಿ ಹಿಡಿಯುವ ವಿಧಾನವೂ ಇದೆ, ಆದರೆ ಅದರ ಅರ್ಧಾಯುಷ್ಯ ನಾಲ್ಕು ದಿನವೂ ಇಲ್ಲ, ಬಹಳ ಆಳದಿಂದ ಬರುವಷ್ಟರಲ್ಲಿ ಸತ್ತುಹೋಗಿರುತ್ತದೆ.

ಭೀಮಾ ಜಲಾನಯನದ ನಕ್ಷೆಯಲ್ಲಿ ಗೋಗಿಯದೊಂದೇ ಬಿರುಕಲ್ಲ. ಫರಹತಾಬಾದ್, ತೀರ್ಥ-ತಿಂಥಣಿ, ಮತ್ತೆ ನಮ್ಮ ವಾಡಿಯ ಹೆಸರಿನಲ್ಲೂ ಒಂದೊಂದು ಸ್ತರಭಂಗ ಗುರುತಾಗಿವೆ. ಬಿರುಕಿದ್ದ ಮಾತ್ರಕ್ಕೆ ಅದಿರು ಇರಬೇಕೆಂದಿಲ್ಲ. ಬಿರುಕು ಬರೀ ದಾರಿ. ಸರಕು ಹೊತ್ತ ನೀರು ಬರಬೇಕು, ಬಂದ ಸರಕನ್ನು ಇಳಿಸಿಕೊಳ್ಳುವ ಇಂಗಾಲವೋ ಗಂಧಕವೋ ಕಾದಿರಬೇಕು. ಮೂರೂ ಒಂದೇ ಜಾಗದಲ್ಲಿ ಕೂಡಿದವೇ ಎಂದು ಕೇಳುವುದೇ ಕಲ್ಲಿನ ರಸಾಯನದ ಕೆಲಸ.

ಸುಣ್ಣಕಲ್ಲಿನೊಳಗೆ ಕಾಣದ ಸಂಪತ್ತು ಸಿಕ್ಕ ಕತೆಗಳಲ್ಲಿ ಜಗತ್ತಿಗೆ ದೊಡ್ಡದು ಅಮೆರಿಕದ ನೆವಾಡಾ ರಾಜ್ಯದ ಕಾರ್ಲಿನ್. 1961ರಲ್ಲಿ ನ್ಯೂಮಾಂಟ್ ಕಂಪನಿಯ ಜಾನ್ ಲಿವರ್‌ಮೋರ್ ಮತ್ತು ಅವರ ಜೊತೆಗಾರರು ಅಲ್ಲಿ ಗುರುತಿಸಿದ ಬಂಗಾರ ಎಷ್ಟು ನುಣ್ಣಗಿತ್ತೆಂದರೆ ಮಣ್ಣು ತೊಳೆದು ಬಂಗಾರ ಆರಿಸುವವರ ಬೋಗುಣಿಯಲ್ಲಿ ಒಂದು ಚುಕ್ಕಿಯೂ ನಿಲ್ಲುತ್ತಿರಲಿಲ್ಲ. ಕೆಸರು ಬೆರೆತ ಸುಣ್ಣಕಲ್ಲಿನಲ್ಲಿ ನೀರು ಸುಣ್ಣ ಕರಗಿಸಿ, ಸಿಲಿಕಾ ತುಂಬಿ, ಗಂಧಕದ ಕಬ್ಬಿಣದೊಳಗೆ ಬಂಗಾರವನ್ನು ಬಚ್ಚಿಟ್ಟಿತ್ತು. ಅದನ್ನು ಬೆನ್ನಟ್ಟಲು ನೆರವಾದದ್ದು ಪಾಷಾಣ, ಆಂಟಿಮನಿ, ಪಾದರಸ, ಥ್ಯಾಲಿಯಂ. ಶಹಾಬಾದ್ ಸುಣ್ಣಕಲ್ಲಿನಲ್ಲಿ ಬಂಗಾರ ಇದೆ ಎಂದು ಇದರ ಅರ್ಥವಲ್ಲ, ದಯವಿಟ್ಟು ಯಾರೂ ಹೊಲ ಅಗೆಯಬೇಡಿ. ಸಿಲಿಕಾ ತುಂಬಿ ಸುಣ್ಣ ಕಳೆದುಕೊಂಡ ಕಲ್ಲು ಸಿಮೆಂಟಿಗೆ ಕೆಲಸಕ್ಕೆ ಬಾರದ್ದು, ಕಾರ್ಲಿನ್‌ನಲ್ಲಿ ಅದೇ ಹೆಗ್ಗುರುತಾಯಿತು. ನನಗೆ ಬೇಕಿರುವುದು ಅಷ್ಟು.

ಹೊಲ ಹೋಗುತ್ತದೆಯೇ ಎಂಬ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಚೀಲ ಹಿಡಿದು ಬಂದವರು ಹೊಲ ಕಸಿಯಲು ಬಂದವರಲ್ಲ. ಖನಿಜ ಹುಡುಕಾಟಕ್ಕೆ ಜಿ-4ರಿಂದ ಜಿ-1ರವರೆಗೆ ನಾಲ್ಕು ಮಜಲು. ಕಲ್ಲು ಆರಿಸುವುದು ಜಿ-4ರಲ್ಲಿ, ಹೆಚ್ಚಿನ ಹುಡುಕಾಟ ಅಲ್ಲೇ ಮುಗಿದುಹೋಗುತ್ತದೆ. ಹಾಗೆಂದು ಹೊಲದವರ ಅಳುಕು ಹುಸಿಯೂ ಅಲ್ಲ. ಗೋಗಿಯಲ್ಲಿ ಅದಿರು ಸಿಕ್ಕಿ, ಗಣಿಯ ಮಾತು ಬಂದ ಮೇಲೆ ಸುತ್ತಲಿನವರು ಬಾವಿಯ ನೀರು ಏನಾಗುತ್ತದೆ, ಆರೋಗ್ಯ ಏನಾಗುತ್ತದೆ ಎಂದು ಎದ್ದು ಕೇಳಿದರು. ಕೇಳಬೇಕಾದ ಪ್ರಶ್ನೆಗಳೇ ಅವು. ಆ ಪ್ರಶ್ನೆಗೆ ಉತ್ತರಿಸಲು ಬೇಕಾಗುವುದೂ ಇದೇ ರಸಾಯನ: ಗಣಿಗೆ ಮುಂಚೆ ನೀರಿನಲ್ಲಿ, ಮಣ್ಣಿನಲ್ಲಿ ಮಾಮೂಲಿ ಎಷ್ಟಿತ್ತು ಎಂಬ ಅಂಕಿ ಕೈಯಲ್ಲಿಲ್ಲದಿದ್ದರೆ, ಆಮೇಲೆ ಏರಿತೋ ಇಲ್ಲವೋ ಎಂದು ಯಾರು ಯಾರಿಗೆ ರುಜು ಮಾಡುವುದು? ಊರಿನವರು ಕಲ್ಲು ಆರಿಸಲು ಬಂದವರಿಂದ ಬಾವಿ ನೀರಿನ ಅಂಕಿಯನ್ನೂ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ನನ್ನದೊಂದು ಆಸೆ. ಈ ಸೀಮೆಯಲ್ಲಿ ಸುಣ್ಣಕಲ್ಲಿಗಾಗಿ ದಶಕಗಳಿಂದ ಕೊರೆದ ಬೋರುಗಳಿಗೆ ಲೆಕ್ಕವಿಲ್ಲ. ಅವುಗಳ ಪುಡಿಯಲ್ಲಿ ಸುಣ್ಣ, ಸಿಲಿಕಾ, ಮೆಗ್ನೀಸಿಯಾ ಅಳೆದಾಯಿತು. ಪಾಷಾಣ, ಮಾಲಿಬ್ಡಿನಂ, ಯುರೇನಿಯಂ ಅಳೆಯಲು ಸಿಮೆಂಟಿನವರಿಗೆ ಕಾರಣವಿರಲಿಲ್ಲ. ಕೋರನ್ನು ಉದ್ದಕ್ಕೆ ಸೀಳಿ ಅರ್ಧ ಪರೀಕ್ಷೆಗೆ ಕಳಿಸಿ, ಇನ್ನರ್ಧ ತಟ್ಟೆಯಲ್ಲೇ ಉಳಿಸುವುದು ಈ ಕಸುಬಿನ ಹಳೆಯ ಶಿಸ್ತು. ಉಳಿದ ಅರ್ಧಗಳು, ಮುಚ್ಚಳ ಹಾಕಿದ ಪುಡಿ ಡಬ್ಬಿಗಳು ಎಲ್ಲಿ ಉಳಿದುಕೊಂಡಿವೆಯೋ ಅಲ್ಲಿಂದ ಶುರು ಮಾಡಿದರೆ ಹೊಸದಾಗಿ ಒಂದು ಹೊಲಕ್ಕೂ ಕಾಲಿಡದೆ ಮೊದಲ ಸುತ್ತು ಮುಗಿದೀತು. ಸರ್ವೇಕ್ಷಣೆಯ ಹಳೆಯ ವರದಿ, ನಕ್ಷೆಗಳನ್ನು ಒಂದೆಡೆ ತೆರೆದಿಡುವ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರ 2023ರ ಡಿಸೆಂಬರಿನಿಂದ ಜಾಲದಲ್ಲಿದೆ; ಅದರ ಮಾಮೂಲಿ ಅಂಕಿಗಳನ್ನು ಪಕ್ಕಕ್ಕಿಟ್ಟು ನೋಡಬಹುದು. ಡಬ್ಬಿ ಆರಿಸುವಾಗ ಒಂದೇ ಸೂಚನೆ: ಪಾಸಾದ ಪುಡಿಯನ್ನು ಹೋಲಿಕೆಗೆ ನಾಲ್ಕಷ್ಟೇ ತೆಗೆದುಕೊಳ್ಳಿ. ಉಳಿದದ್ದೆಲ್ಲ ನಪಾಸಾದ ಡಬ್ಬಿಗಳಿಂದ ಬರಲಿ.